ಜರಡಿ ಮತ್ತು ಅವಳ ಓರಗಿತ್ತಿ

ಆ ಬೀದಿಯಲ್ಲಿ ಯಾರ ಮನೆಗೆ ಹೊಸ ತರಹದ ಬಿಸ್ಕತ್ತು ಬಂದರೂ ಬಾಯಿಗೆ ಹೋಗುವ ಮೊದಲು ಅದು ಹೊಲಿಗೆಯಂಗಡಿಗೆ ಹೋಗಿಬರುತ್ತಿತ್ತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ ಅಷ್ಟೇ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೆ ಒರಗಿಸಿದ ನಿಲುವುಗನ್ನಡಿ. ಮೇಜಿನ ಒಂದು ತುದಿಯಲ್ಲಿ ಶಾಲೆಯ ಮಕ್ಕಳ ಅಂಗಿಗಳ ರಾಶಿ, ಇನ್ನೊಂದು ತುದಿಯಲ್ಲಿ ಅಕ್ಕಪಕ್ಕದವರು ತಂದಿಟ್ಟ ಸೂಪಿನ ಪುಡಿ, ಐಸ್‌ಕ್ರೀಮ್ ಡಬ್ಬಿ, ಟೂತ್‌ಪೇಸ್ಟ್. ಒಮ್ಮೆ ಯಾರೋ ಹೊಸ ಚರ್ಮದ ಬೂಟನ್ನೂ ತಂದಿಟ್ಟು ಹೋಗಿದ್ದರು. ಅಂಗಡಿಯಾಕೆ ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಪೊಟ್ಟಣ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯ ಸಣ್ಣಕ್ಷರ ಓದಿ ತೀರ್ಪು ಕೊಡುತ್ತಿದ್ದಳು.

"ನಡೆಯುತ್ತೆ." ಇಲ್ಲವೇ, "ನಡೆಯಲ್ಲ."

ಹೆಚ್ಚಿನ ಸಲ ಎರಡನೆಯದೇ. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಮೈದುನ ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದ. "ನಮ್ಮತ್ತಿಗೆ ಜರಡಿ. ಆದರೆ ಈ ಜರಡೀಲಿ ತೂತೇ ಇಲ್ಲ, ಏನೂ ಕೆಳಗೆ ಬೀಳಲ್ಲ" ಅಂತ ಊಟದ ಹೊತ್ತಿನಲ್ಲಿ ನಗಾಡುತ್ತಿದ್ದ. ಹೆಸರು ನಿಂತುಬಿಟ್ಟಿತು. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆಯೇ ಇತ್ತು.

ಅವಳು ಮಾಂಸದಂಗಡಿಯವನ ಮಗಳು. ಅಪ್ಪ ಅಂಗಡಿಯ ಹಿಂದಿನ ಅಂಗಳದಲ್ಲಿ ಕೆಲಸ ಮಾಡುವುದನ್ನು ನೋಡುತ್ತ ಬೆಳೆದವಳು. ಕತ್ತಿ ಹರಿತವಾಗಿರಬೇಕು, ಆದರೆ ಪ್ರಾಣಿಯ ಎದುರಿಗೆ ಮಸೆಯಬಾರದು. ಒಂದನ್ನು ಕೊಯ್ಯುವುದು ಇನ್ನೊಂದರ ಕಣ್ಣಿಗೆ ಬೀಳಬಾರದು. ದೇವರ ಹೆಸರು ಹೇಳಬೇಕು, ರಕ್ತವೆಲ್ಲ ಬಸಿದು ಹೋಗುವ ತನಕ ಕಾಯಬೇಕು. ಇದೆಲ್ಲ ಅವಳಿಗೆ ಅಕ್ಷರ ಬರುವ ಮೊದಲೇ ಬಂದಿತ್ತು. ಪೊಟ್ಟಣದ ಮೇಲಿನ ಯಾವ ನಂಬರೆಂದರೆ ಯಾವ ವಸ್ತು ಎನ್ನುವ ವಿದ್ಯೆ ಮಾತ್ರ ಆಮೇಲೆ ತಾನಾಗಿ ಕಲಿತದ್ದು. ಅಲ್ಲಿ ಅವಳದ್ದು ಒಂದೇ ಕಾನೂನು: ಅನುಮಾನ ಬಂದರೆ ಬೇಡ. ಕೇಳಿ ಬಂದವರು ಅದನ್ನು ವಾದವಿಲ್ಲದೆ ಒಪ್ಪಿಕೊಂಡು ಹೋಗುತ್ತಿದ್ದರು. ಅತ್ತೆಯಂತೂ ಬೇರೆಯವರ ಮನೆಗೆ ಹೋದರೆ ನೀರು ಮಾತ್ರ ಕುಡಿದು ಬರುತ್ತಿದ್ದರು. "ನಮ್ಮ ದೊಡ್ಡ ಸೊಸೆ ನೋಡದೆ ನಾನು ಏನೂ ಮುಟ್ಟಲ್ಲ" ಎನ್ನುವುದು ಅವರಿಗೆ ಒಂದು ಜಂಬದ ಮಾತು.

ಆಮೇಲೆ ಮೈದುನನಿಗೆ ಮದುವೆಯಾಯಿತು.

ಮೈದುನ ಕನ್ನಡಕದಂಗಡಿ ಇಟ್ಟಿದ್ದವನು. ತಡವಾಗಿ ಮದುವೆಯಾದ. ಹೆಂಡತಿಯಾಗಿ ಬಂದವಳ ಕೆಲಸವೇ ಹಲಾಲ್ ತಪಾಸಣೆ. ಸರ್ಟಿಫಿಕೇಟು ಕೊಡುವ ಸಂಸ್ಥೆಯೊಂದರಲ್ಲಿ ನೌಕರಿ. ಬೆಳಿಗ್ಗೆ ತಲೆವಸ್ತ್ರದ ಮೇಲೆ ಹಾಕುವ ಪ್ಲಾಸ್ಟಿಕ್ ಟೋಪಿಯನ್ನೂ ದಪ್ಪ ಅಟ್ಟೆಯ ಬೂಟನ್ನೂ ಚೀಲಕ್ಕೆ ತುರುಕಿಕೊಂಡು ಹೊರಟರೆ ಒಂದು ದಿನ ಚಾಕಲೇಟು ಕಾರ್ಖಾನೆ, ಇನ್ನೊಂದು ದಿನ ಶಾಂಪೂ ಕಾರ್ಖಾನೆ, ಮತ್ತೊಂದು ದಿನ ಕೋಳಿ ಕೊಯ್ಯುವ ಕಡೆ. ಮದುವೆಗೆ ಮುಂಚೆ ಇದನ್ನು ಕೇಳಿದಾಗ ಜರಡಿಗೆ ಸಂತೋಷವೇ ಆಗಿತ್ತು. ಮನೆಯಲ್ಲಿ ಮಾತಾಡುವುದಕ್ಕೆ ಒಬ್ಬಳು ಜೊತೆಗಾತಿ ಸಿಕ್ಕಳು ಅಂದುಕೊಂಡಿದ್ದಳು.

ಆ ಸಂತೋಷ ಮುರಿದದ್ದು ಒಂದು ಜೆಲ್ಲಿ ಮಿಠಾಯಿಯಿಂದ.

ಜರಡಿಯ ಮಗಳು ಕಾಲೇಜಿಗೆ ಹೋಗುವವಳು. ಒಂದು ಸಂಜೆ ಬಣ್ಣಬಣ್ಣದ ಜೆಲ್ಲಿಯ ಪೊಟ್ಟಣ ಹಿಡಿದುಕೊಂಡು ಬಂದಳು. ಜರಡಿ ಕಣ್ಣು ಹಾಯಿಸಿದ್ದೇ, "ಜೆಲಟಿನ್ ಇದೆ. ನಡೆಯಲ್ಲ, ವಾಪಸ್ ಕೊಡು" ಅಂದಳು. ಹುಡುಗಿ ತುಟಿ ಉಬ್ಬಿಸಿಕೊಂಡು ಒಳಗೆ ಹೋದಳು. ಒಳಗೆ ಚಿಕ್ಕಮ್ಮ ಇದ್ದಳು.

"ಚಿಕ್ಕಮ್ಮ, ಇದು ತಿನ್ನಬಹುದಾ?"

"ಗೊತ್ತಿಲ್ಲ ಕಣೇ. ಜೆಲಟಿನ್ ಹಂದೀದೂ ಇರುತ್ತೆ, ದನದ್ದೂ ಇರುತ್ತೆ, ಮೀನಿಂದೂ ಇರುತ್ತೆ. ಕಂಪನಿಯವರನ್ನ ಕೇಳಿ ನೋಡೋಣ."

ಹೊರಗಿನ ಕೋಣೆಯಲ್ಲಿ ಕತ್ತರಿ ಹಿಡಿದಿದ್ದ ಜರಡಿಗೆ ಇದು ಕೇಳಿಸಿತು. ಗೊತ್ತಿಲ್ಲವಂತೆ! ಅದೇ ಕೆಲಸ ಮಾಡುವವಳಿಗೆ ಗೊತ್ತಿಲ್ಲವಂತೆ. ಅವಳಿಗೆ ನಗು ಬಂತು. ಆದರೆ ಕೆಲವು ದಿನ ಕಳೆದ ಮೇಲೆ ಓರಗಿತ್ತಿ ಊಟಕ್ಕೆ ಕೂತಾಗ, "ಅದು ಮೀನಿನ ಜೆಲಟಿನ್. ಬರೆದು ಕಳಿಸಿದಾರೆ. ತಿನ್ನು" ಅಂದಳು. ಮಗಳು ಚಿಕ್ಕಮ್ಮನ ಕತ್ತಿಗೆ ಜೋತುಬಿದ್ದಳು. ಆ ಕತ್ತು, ಆ ಎರಡು ಕೈ, ಆ ನಗು ಜರಡಿಯ ಕಣ್ಣಿನಿಂದ ಬಹಳ ದಿನ ಹೋಗಲಿಲ್ಲ. ತನ್ನ ಮಗಳು ತನ್ನ ಕತ್ತಿಗೆ ಜೋತುಬಿದ್ದು ಎಷ್ಟು ಕಾಲವಾಯಿತೆಂದು ನೆನಪು ಮಾಡಿಕೊಳ್ಳಲು ಹೋಗಿ ಹೊಲಿಗೆ ತಪ್ಪಿ ಅಂಗಿಯ ತೋಳನ್ನು ತಿರುವುಮುರುವಾಗಿ ಸೇರಿಸಿಬಿಟ್ಟಳು.

ಅಲ್ಲಿಂದ ಒಂದೊಂದಾಗಿ ಕೈತಪ್ಪಿತು. ವರ್ಷಗಟ್ಟಲೆ ಮನೆಗೆ ಬಾರದಿದ್ದ ವಿನೆಗರ್ ಬಂತು. "ಅದು ಮದ್ಯವಾಗಿ ಉಳಿದಿಲ್ಲ ಅಕ್ಕ, ಪೂರ್ತಿ ಬದಲಾಗಿಹೋಗಿದೆ" ಅಂದಳು ಓರಗಿತ್ತಿ. ಜರಡಿ ಬೇಡವೆಂದಿದ್ದ ಬ್ರೆಡ್ಡು ಬಂತು. ಅದರಲ್ಲಿದ್ದ ನಂಬರಿನ ವಸ್ತು ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು, ಎಣ್ಣೆಕಾಳಿನಿಂದಲೂ ಆಗಬಹುದು, ಇದು ಕಾಳಿನದೇ ಎಂದು ಅವಳು ವಿಚಾರಿಸಿಕೊಂಡು ಬಂದಿದ್ದಳು. ಹಾಗಂತ ಎಲ್ಲವನ್ನೂ ಬಿಟ್ಟುಕೊಟ್ಟಳೆಂದೂ ಅಲ್ಲ. ಜರಡಿ ಇಷ್ಟು ದಿನ ನಡೆಯುತ್ತೆ ಎಂದಿದ್ದ ಒಂದು ಕೆಂಪು ಶರಬತ್ತಿನ ಬಣ್ಣ ಹುಳುವಿನಿಂದ ಮಾಡಿದ್ದು ಎಂದು ತೆಗೆಸಿಹಾಕಿದ್ದೂ ಅವಳೇ. ಜರಡಿಗೆ ಅದೇ ಹೆಚ್ಚು ಉರಿಯಿತು. ತನಗಿಂತ ಸಡಿಲವಾಗಿದ್ದರೆ ಧರ್ಮಭಯವಿಲ್ಲ ಅನ್ನಬಹುದಿತ್ತು. ಬರೀ ಬಿಗಿಯಾಗಿದ್ದರೆ ತನ್ನನ್ನು ನೋಡಿ ಕಲಿತಳು ಅನ್ನಬಹುದಿತ್ತು. ಎರಡೂ ಅಲ್ಲದವಳನ್ನು ಏನೆಂದು ಬೈಯುವುದು?

ಒಮ್ಮೆ ಜರಡಿ ತಡೆಯಲಾರದೆ ಕೇಳಿಯೇಬಿಟ್ಟಳು. "ಅನುಮಾನ ಇದ್ದರೆ ಬಿಟ್ಟುಬಿಡೋದಲ್ವಾ? ಅಷ್ಟೆಲ್ಲ ಕೆದಕಿ ಕೆದಕಿ ತಿನ್ನೋಕೆ ನಮಗೇನು ಬರಗಾಲ ಬಂದಿದೆಯಾ?"

"ಬಿಡೋದು ಒಳ್ಳೇದೇ ಅಕ್ಕ. ನಾವು ನಮ್ಮಷ್ಟಕ್ಕೆ ಬಿಡಬಹುದು. ಆದರೆ ಇನ್ನೊಬ್ಬರಿಗೆ ಹೇಳುವಾಗ, ದೇವರು ತಿನ್ನಬಹುದು ಅಂದದ್ದನ್ನ ನಾವು ಬೇಡ ಅನ್ನೋದೂ ತಪ್ಪೇ ಅಲ್ವಾ?"

ಮೆತ್ತಗೆ ಹೇಳಿದ ಮಾತು. ಗಟ್ಟಿಯಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಜರಡಿ ಆ ದಿನ ಓರಗಿತ್ತಿಗೆ ಆರಿದ ಚಹಾ ಕೊಟ್ಟಳು. ಅವಳು ಅದನ್ನು ಕೊನೆಯ ಗುಟುಕಿನವರೆಗೂ ಕುಡಿದು ಲೋಟ ತೊಳೆದಿಟ್ಟಳು. ಅದನ್ನೂ ಜರಡಿಗೆ ತಡೆಯಲಾಗಲಿಲ್ಲ.

ಹೊಟ್ಟೆಕಿಚ್ಚು ಮನುಷ್ಯರನ್ನು ಎಂಥೆಂಥ ಕೆಲಸಕ್ಕೆ ಇಳಿಸುತ್ತದೆ ನೋಡಿ. ಓರಗಿತ್ತಿ ಕೆಲಸಕ್ಕೆ ಹೋದಾಗ ಜರಡಿ ಅವಳ ಕೋಣೆ ಗುಡಿಸುವ ನೆಪದಲ್ಲಿ ಕನ್ನಡಿ ಮುಂದಿನ ಸಾಮಾನೆಲ್ಲ ತಡಕಿದಳು. ಮುಖದ ಕ್ರೀಮು, ಸೆಂಟು, ತುಟಿಗೆ ಹಚ್ಚುವ ಬಣ್ಣ. ಊರಿಗೆ ಬುದ್ಧಿ ಹೇಳುವವಳ ತುಟಿಯ ಬಣ್ಣದಲ್ಲಿ ಹುಳು ಇದ್ದರೆ ಎಷ್ಟು ಚೆನ್ನಾಗಿರುತ್ತದೆ ಅಂದುಕೊಂಡು ಬುಡ ತಿರುಗಿಸಿ ನೋಡಿದರೆ ಅಲ್ಲೊಂದು ಪುಟ್ಟ ಹಲಾಲ್ ಮುದ್ರೆ! ಸೆಂಟಿಗೂ ಮುದ್ರೆ. ಕ್ರೀಮಿಗೂ ಮುದ್ರೆ. ಬಾಚಣಿಗೆಗೊಂದು ಇರಲಿಲ್ಲ ಅಷ್ಟೇ. ಜರಡಿ ಪೊರಕೆ ಹಿಡಿದುಕೊಂಡು ಸೋತ ಮುಖ ಮಾಡಿಕೊಂಡು ಹೊರಗೆ ಬಂದಳು.

ಬೀದಿಯವರಿಗೂ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯಾಕೆ ಒಂದು ಸಂಜೆ ಕೈಯಲ್ಲಿ ಚೀಸಿನ ಡಬ್ಬಿ ಹಿಡಿದು ಬಂದಳು. ಜರಡಿ ಯಂತ್ರ ನಿಲ್ಲಿಸಿ ಕೈ ಚಾಚಿದಳು. ಪಕ್ಕದ ಮನೆಯಾಕೆ, "ನಿಮ್ಮ ಮನೆ ಚಿಕ್ಕ ಸೊಸೆ ಕೆಲಸದಿಂದ ಬಂದಳಾ?" ಅಂತ ಕೇಳಿ, ಚಾಚಿದ ಕೈಯನ್ನು ದಾಟಿ ಒಳಬಾಗಿಲಿಗೆ ಹೋದಳು. ಜರಡಿ ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಎಣ್ಣೆಯ ಡಬ್ಬಿ ಎತ್ತಿಕೊಂಡು, ಬೇಡದಿದ್ದರೂ ಯಂತ್ರಕ್ಕೆ ಎಣ್ಣೆ ಬಿಟ್ಟಳು.

ಎಲ್ಲಕ್ಕಿಂತ ನೋವಾದದ್ದು ಅತ್ತೆಯಿಂದ. ಅವರಿಗೆ ಮಂಡಿ ನೋವು. ವೈದ್ಯರು ಹೊಸ ಕ್ಯಾಪ್ಸೂಲು ಬರೆದುಕೊಟ್ಟಿದ್ದರು. ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಚಿಕ್ಕ ಸೊಸೆ ಬರುವ ತನಕ ಕಾದರು. ಕ್ಯಾಪ್ಸೂಲಿನ ಹೊದಿಕೆಯ ಜೆಲಟಿನ್ ಯಾವುದರದೆಂದು ಖಾತ್ರಿಯಿರಲಿಲ್ಲ. ಅವಳು ಔಷಧಿ ಅಂಗಡಿಗೆ ಹೋಗಿ, ವೈದ್ಯರಿಗೂ ಫೋನು ಮಾಡಿ, ಅದೇ ಮದ್ದನ್ನು ಮಾತ್ರೆಯ ರೂಪದಲ್ಲಿ ತಂದುಕೊಟ್ಟಳು. "ಬೇರೆ ದಾರಿ ಇಲ್ಲದಿದ್ದರೆ ಅದನ್ನೇ ತಗೋಬಹುದಿತ್ತು ಅತ್ತೆ, ಆರೋಗ್ಯದ ವಿಷಯ. ದಾರಿ ಇತ್ತು, ಅದಕ್ಕೆ ಬದಲಾಯಿಸಿದೆ." ಅತ್ತೆ ಆ ವಾರವೆಲ್ಲ ಫೋನಿನಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದರು. ಜರಡಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೇಳಿಸಿಕೊಂಡಳು. ಕಣ್ಣೀರು ಒರೆಸಿಕೊಳ್ಳಲು ಈರುಳ್ಳಿಯ ನೆಪವಾದರೂ ಇತ್ತು.

ಶಾಲೆಗಳಿಗೆ ರಜೆ ಬಂದು ಹೊಲಿಗೆ ಕೆಲಸ ಕಡಿಮೆಯಾದಾಗ ಅತ್ತೆ ಸಮುದ್ರ ನೋಡಬೇಕೆಂದರು. ಮಂಡಿ ಪೂರ್ತಿ ಕೈಕೊಡುವ ಮೊದಲು ಒಮ್ಮೆ ನೀರಿಗೆ ಕಾಲು ಇಡಬೇಕಂತೆ. ಪ್ರಯಾಣವೆಂದರೆ ಆ ಮನೆಯಲ್ಲಿ ಯಾವಾಗಲೂ ಜರಡಿಯ ಕಾರುಬಾರು. ಅವಳ ಪ್ರಯಾಣದಲ್ಲಿ ಹೋಟೆಲಿನ ಊಟವೇ ಇರುತ್ತಿರಲಿಲ್ಲ. ಒಲೆ, ಪಾತ್ರೆ, ಅಕ್ಕಿ, ಮಸಾಲೆ, ಉಪ್ಪಿನ ಡಬ್ಬಿ ಎಲ್ಲ ಕಾರಿನ ಹಿಂದೆ ಏರುತ್ತಿದ್ದವು; ಊರು ನೋಡುವ ಹೊತ್ತಿನಲ್ಲಿ ಅವಳು ಬಾಡಿಗೆ ಕೋಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಈ ಸಲವೂ ಪಾತ್ರೆ ತೆಗೆದಿಟ್ಟಳು. ಅವಳ ಗಂಡ ಅದನ್ನು ನೋಡಿ, ಪಾಪ ಒಳ್ಳೆಯ ಮನಸ್ಸಿನಿಂದಲೇ, "ಈ ಸಲ ನೀನೂ ಸ್ವಲ್ಪ ಆರಾಮಾಗಿರು. ಚಿಕ್ಕವಳೇ ಹೋಟೆಲ್ ಗೊತ್ತುಮಾಡ್ತಾಳಂತೆ. ಎಲ್ಲ ವಿಚಾರಿಸಿದಾಳೆ" ಅಂದರು.

"ನೀವೂ ಶುರು ಮಾಡಿದ್ರಾ?" ಅಂದಳು ಜರಡಿ. ಗಂಡನಿಗೆ ಏನು ಶುರು ಮಾಡಿದೆನೆಂದು ತಿಳಿಯಲಿಲ್ಲ.

ಹೋಟೆಲು ಚೆನ್ನಾಗಿತ್ತು. ಜರಡಿ ದಾರಿಯುದ್ದಕ್ಕೂ ಚೆನ್ನಾಗಿರಬಾರದೆಂದು ಬೇಡಿಕೊಂಡಿದ್ದಳು. ಕೋಣೆಯ ಮೂಲೆಯಲ್ಲಿ ನಮಾಜಿನ ಚಾಪೆ ಮಡಚಿಟ್ಟಿತ್ತು; ಯಾವ ಕಡೆ ಮುಖ ಮಾಡಬೇಕೆಂದು ಮೇಜಿನ ಮೇಲೆ ಬಾಣದ ಗುರುತಿತ್ತು. ಕೋಣೆಯ ಪುಟ್ಟ ಫ್ರಿಜ್ಜಿನಿಂದ ಹೆಂಡದ ಬಾಟಲಿಗಳನ್ನು ಮೊದಲೇ ತೆಗೆಸಿದ್ದರು. ಈಜುಕೊಳದಲ್ಲಿ ಬೆಳಗಿನ ಹೊತ್ತು ಹೆಂಗಸರಿಗೆ ಮಾತ್ರ. ಮಗಳು ಖುಷಿಯಿಂದ ಕೋಣೆಯಿಂದ ಕೋಣೆಗೆ ಓಡಾಡಿದಳು. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, "ಇಷ್ಟು ವರ್ಷ ಎಲ್ಲಿತ್ತು ಇಂಥ ಸುಖ" ಅಂದರು. ಹೇಳಿದ್ದು ಯಾರ ಮೇಲೂ ಅಲ್ಲ. ಬಿದ್ದದ್ದು ಜರಡಿಯ ಮೇಲೆ.

ಮರುದಿನ ಬೆಳಿಗ್ಗೆ ತಿಂಡಿಗೆ ಎಲ್ಲರೂ ಕೆಳಗಿಳಿದರು. ದೊಡ್ಡ ಕೋಣೆ, ಗೋಡೆಯುದ್ದಕ್ಕೂ ಬಟ್ಟೆ ಹಾಸಿದ ಮೇಜುಗಳು, ಅವುಗಳ ಮೇಲೆ ಬಗೆಬಗೆಯ ತಿನಿಸು. ಆ ಹೋಟೆಲು ಎಲ್ಲ ಬಗೆಯ ಜನರಿಗೂ ಇದ್ದದ್ದು. ಹಾಗಾಗಿ ಓರಗಿತ್ತಿ ಮೊದಲೇ ಫೋನಿನಲ್ಲಿ ಮಾತಾಡಿ, ಮಾಂಸ ಎಲ್ಲಿಂದ ಬರುತ್ತದೆ, ಕರಿಯುವ ಎಣ್ಣೆ ಬೇರೆಯೇ, ಹಂದಿಮಾಂಸದ ಬಾಣಲೆ ಬೇರೆಯೇ ಎಂದೆಲ್ಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಒಂದು ಮೂಲೆಯಲ್ಲಿ ಬಿಳಿ ಟೋಪಿಯ ಅಡುಗೆಯವನು ಕೇಳಿದವರಿಗೆ ಎದುರಿಗೇ ಮೊಟ್ಟೆ ಮಾಡಿಕೊಡುತ್ತಿದ್ದ. ಅವನ ಮುಂದೆ ಎರಡು ಬಾಣಲೆ. ಒಂದರಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಹಂದಿಯ ಸಾಸೇಜು. ಪ್ರತಿಯೊಂದರ ಮುಂದೆಯೂ ಹೆಸರಿನ ಚೀಟಿ ನಿಲ್ಲಿಸಿತ್ತು.

ಅತ್ತೆ ಚಿಕ್ಕ ಸೊಸೆಯ ಕಡೆ ನೋಡಿದರು. "ಮೊಟ್ಟೆ ತಿನ್ನಬಹುದೇನಮ್ಮ?"

"ತಿನ್ನಿ ಅತ್ತೆ. ಬಾಣಲೆ ಬೇರೆ ಬೇರೆ ಇಟ್ಟಿದಾರೆ, ಕೇಳಿದೀನಿ" ಎಂದು ಹೇಳಿ ಓರಗಿತ್ತಿ ಅತ್ತೆಗೆ ಕುರ್ಚಿ ಹುಡುಕಲು ಹೋದಳು.

ಜರಡಿ ಚಹಾದ ಪಾತ್ರೆಯ ಹತ್ತಿರ ನಿಂತಿದ್ದಳು. ಅಲ್ಲಿಂದ ಅಡುಗೆಯವನ ಕೈ ನೇರವಾಗಿ ಕಾಣುತ್ತಿತ್ತು. ಜನ ಸಾಲುಗಟ್ಟಿದ್ದರು, ಅವನು ಅವಸರದಲ್ಲಿದ್ದ. ಅವನು ಚಪ್ಪಟೆ ಸಟ್ಟುಗದಿಂದ ಸಾಸೇಜುಗಳನ್ನು ಹೊರಳಿಸಿದ. ಅದೇ ಸಟ್ಟುಗವನ್ನು ಪಕ್ಕದ ಬಾಣಲೆಗೆ ತಂದು ಅತ್ತೆಯ ಮೊಟ್ಟೆಯನ್ನು ಮಗುಚಿದ. ಅದೇ ಸಟ್ಟುಗದಿಂದ ಎತ್ತಿ ತಟ್ಟೆಗೆ ಹಾಕಿದ.

ಬಾಣಲೆ ಬೇರೆ, ಸಟ್ಟುಗ ಒಂದೇ.

ಜರಡಿಯ ಎದೆಯಲ್ಲಿ ಮೊದಲು ಎದ್ದದ್ದು ಭಯವಲ್ಲ, ಸಂತೋಷ. ಸಿಕ್ಕಿಬಿದ್ದಳು! ಇಷ್ಟು ದಿನದ ಗೊತ್ತಿಲ್ಲ, ಕೇಳ್ತೀನಿ, ವಿಚಾರಿಸಿದೀನಿ ಎಲ್ಲ ಒಂದು ಸಟ್ಟುಗದ ಮೇಲೆ ಬಂದು ನಿಂತಿತ್ತು. ಅತ್ತೆ ತಟ್ಟೆ ಹಿಡಿದುಕೊಂಡು ಅವಳ ಪಕ್ಕದಲ್ಲೇ ಹಾದುಹೋದರು. ಬಾಯಿ ಬಿಟ್ಟರೆ ಸಾಕಿತ್ತು. ಕೈ ಅಡ್ಡ ಹಿಡಿದರೆ ಸಾಕಿತ್ತು. ಈಗಲೇ ಹೇಳಿದರೆ ಏನಾಗುತ್ತದೆ? "ಅಯ್ಯೋ ಹೌದಾ" ಅಂದು ಓರಗಿತ್ತಿ ತಟ್ಟೆ ಬದಲಾಯಿಸುತ್ತಾಳೆ, ಅಷ್ಟಕ್ಕೇ ಮುಗಿಯುತ್ತದೆ. ತಿಂದ ಮೇಲೆ ಹೇಳಿದರೆ? ಜರಡಿ ಚಹಾದ ಲೋಟಕ್ಕೆ ಸಕ್ಕರೆ ಹಾಕಿ ಕಲಕುತ್ತ ನಿಂತಳು. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು.

ಮೇಜಿಗೆ ಬಂದಾಗ ಅವಳ ತಟ್ಟೆಯಲ್ಲಿ ಬಾಳೆಹಣ್ಣು ಮಾತ್ರ ಇತ್ತು.

"ಯಾಕೆ, ಮೊಟ್ಟೆ ಬೇಡ್ವಾ?" ಗಂಡ ಕೇಳಿದರು.

"ಹೊಟ್ಟೆ ಸರಿ ಇಲ್ಲ."

ಅತ್ತೆ ನಿಧಾನವಾಗಿ, ಇಷ್ಟಪಟ್ಟು ತಿಂದರು. ಮೈದುನನೂ ತಿಂದ. ಓರಗಿತ್ತಿ ಕೂಡ ಅತ್ತೆಯ ತಟ್ಟೆಯಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಮಗಳು ತಡವಾಗಿ ಮೇಜಿಗೆ ಬಂದು ಮೊಟ್ಟೆಗೆ ಕೈ ಚಾಚಿದಾಗ ಮಾತ್ರ ಜರಡಿಗೆ ತಡೆಯಲಾಗಲಿಲ್ಲ. "ನೀನು ಹಣ್ಣು ತಿನ್ನು" ಅಂತ ಗದರಿ ಆ ಕೈಯನ್ನು ಸರಿಸಿದಳು.

ಅತ್ತೆ ಬಾಯಿ ಒರೆಸಿಕೊಂಡು ಕುರ್ಚಿಗೆ ಒರಗಿದರು. "ನಮ್ಮ ಚಿಕ್ಕವಳು ಇರೋದಕ್ಕೆ ಇಂಥ ಕಡೆ ನೆಮ್ಮದಿಯಾಗಿ ತಿಂದೆ. ಒಂದು ಚೂರೂ ಅಳುಕಿಲ್ಲ ನೋಡು."

"ಅಳುಕಬೇಕಿತ್ತು" ಅಂದಳು ಜರಡಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನೋಡಿದ್ದನ್ನು ಹೇಳಿದಳು. ಸಾಸೇಜು, ಸಟ್ಟುಗ, ಮೊಟ್ಟೆ. ಇಷ್ಟು ಹೊತ್ತು ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡಿದ್ದ ಮಾತು, ನಡುಗದೆ ಬಂತು. ಅತ್ತೆಯ ಕೈ ಬಾಯಿಗೆ ಹೋಯಿತು. ಮೈದುನ ತಟ್ಟೆಯನ್ನು ದೂರ ತಳ್ಳಿದ. ಓರಗಿತ್ತಿಯ ಮುಖ ಸುಣ್ಣದ ಹಾಗಾಯಿತು. ಜರಡಿ ಆ ಮುಖವನ್ನು ಕಣ್ತುಂಬ ನೋಡಿದಳು. ಎಷ್ಟೋ ದಿನದಿಂದ ಕಾದಿದ್ದ ಊಟ ಅದು.

ಆಗ ಅವಳ ಗಂಡ ಕೇಳಿದರು. ಸಾದಾ ಮನುಷ್ಯ, ಸಾದಾ ಪ್ರಶ್ನೆ. "ನೀನು ಯಾವಾಗ ನೋಡಿದೆ?"

ಜರಡಿ ತಟ್ಟೆಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆ ಸುಲಿಯತೊಡಗಿದಳು.

"ಅಮ್ಮನ ತಟ್ಟೆಗೆ ಹಾಕಿದ್ದು ನೋಡಿದೆ ಅಂದೆ. ಅಂದ್ರೆ ತಿನ್ನೋಕೆ ಮುಂಚೆನೇ ನೋಡಿದೀಯ."

ಮಗಳು ಮೆಲ್ಲಗೆ ಹೇಳಿದಳು. "ನನ್ನ ಕೈ ಸರಿಸಿದೆಯಲ್ಲಮ್ಮ."

ಪಕ್ಕದ ಮೇಜುಗಳಲ್ಲಿ ಚಮಚಗಳ ಸದ್ದು, ಯಾವುದೋ ಮಗುವಿನ ಅಳು, ಅಡುಗೆಯವನ ಬಾಣಲೆಯ ಚುರುಚುರು ಹಾಗೇ ನಡೆದಿತ್ತು. ಅತ್ತೆ ದೊಡ್ಡ ಸೊಸೆಯನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ಜರಡಿ ತಡೆದುಕೊಳ್ಳುತ್ತಿದ್ದಳು. ಅವರು ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದರು.

ಓರಗಿತ್ತಿ ಎದ್ದು ಅಡುಗೆಯವನ ಹತ್ತಿರ ಹೋದಳು. ಕೂಗಾಡಲಿಲ್ಲ. ಅವನ ಜೊತೆ, ಆಮೇಲೆ ಬಂದ ಮ್ಯಾನೇಜರ್ ಜೊತೆ ಬಹಳ ಹೊತ್ತು ಮಾತಾಡಿದಳು. ಅವಳು ವಾಪಸು ಬರುವ ಹೊತ್ತಿಗೆ ಸಾಸೇಜಿನ ಬಾಣಲೆಯನ್ನು ಕೋಣೆಯ ಇನ್ನೊಂದು ಕೊನೆಗೆ ಸಾಗಿಸುತ್ತಿದ್ದರು.

"ತಪ್ಪು ನನ್ನದು" ಅಂದಳು ನಿಂತುಕೊಂಡೇ. "ಬಾಣಲೆ ಕೇಳಿದೆ, ಸಟ್ಟುಗ ಕೇಳಲಿಲ್ಲ. ಕಾರ್ಖಾನೆಗೆ ಹೋದರೆ ಬಕೆಟ್ಟು, ಬಟ್ಟೆ, ಕೈಗವಸು ಎಲ್ಲ ನೋಡ್ತೀನಿ. ಇಲ್ಲಿ ರಜೆ ಅಂತ ಫೋನಿನ ಮಾತನ್ನೇ ನಂಬಿಬಿಟ್ಟೆ."

ಅತ್ತೆ ಅವಳ ಕೈ ಹಿಡಿದುಕೊಂಡರು. "ನಾನು ತಿಂದುಬಿಟ್ಟೆನಲ್ಲಮ್ಮ. ಪಾಪ ಬಂತಾ?"

"ಇಲ್ಲ ಅತ್ತೆ. ಗೊತ್ತಿಲ್ಲದೆ ತಿಂದವರ ಮೇಲೆ ಪಾಪ ಇಲ್ಲ."

ಅವಳು ಗೊತ್ತಿದ್ದವರ ಮಾತು ಎತ್ತಲಿಲ್ಲ. ಎತ್ತದಿದ್ದರೂ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಅದು ಕೇಳಿಸಿತು. ಆ ಮೊಟ್ಟೆಯನ್ನು ಜರಡಿ ಮುಟ್ಟಿರಲಿಲ್ಲ. ಅದರ ಹೊರೆ ಬಿದ್ದದ್ದು ಮಾತ್ರ ಅವಳೊಬ್ಬಳ ಮೇಲೆಯೇ.

ಮಧ್ಯಾಹ್ನ ಎಲ್ಲರೂ ಸಮುದ್ರಕ್ಕೆ ಹೋದರು. ಬಂದದ್ದೇ ಅದಕ್ಕೆ, ಹೋಗದೆ ಇರುವಂತಿರಲಿಲ್ಲ. ಅತ್ತೆಯನ್ನು ಇಬ್ಬರು ಮಕ್ಕಳು ಎರಡು ಕಡೆ ಹಿಡಿದುಕೊಂಡು ನೀರಿಗೆ ಇಳಿಸಿದರು. ಅಲೆ ಪಾದಕ್ಕೆ ತಾಗಿದಾಗ ಅವರು ಸಣ್ಣ ಹುಡುಗಿಯ ಹಾಗೆ ಕಿರುಚಿದರು. ಜರಡಿ ದೂರದಲ್ಲಿ, ಮಗುಚಿಟ್ಟ ದೋಣಿಯೊಂದರ ನೆರಳಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದಳು. ಓರಗಿತ್ತಿ ಮರಳಿನಲ್ಲಿ ಕಾಲೆಳೆಯುತ್ತ ಬಂದು ಎದುರಿಗೆ ನಿಂತಳು. ಸಮಾಧಾನ ಹೇಳಲು ಬಂದಳೆಂದು ಜರಡಿ ಅಂದುಕೊಂಡಳು. ಬಂದವಳ ಕಣ್ಣು ಕೆಂಪಗಿತ್ತು.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ತಟ್ಟೆಗೆ ಏನು ಬಿದ್ದರೂ ಸುಮ್ಮನಿರಬೇಕಿತ್ತು ಅಕ್ಕ. ಅತ್ತೆ ತಟ್ಟೆ ಯಾಕೆ?"

"ಅವರು ನಿನ್ನನ್ನ ಕೇಳಿದ್ರು" ಅಂದಳು ಜರಡಿ. "ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೇಳಲಿಲ್ಲ." ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಎಷ್ಟು ಚಿಕ್ಕದೆಂದು ಅವಳಿಗೇ ಕಂಡಿತು. ಆದರೂ ನಿಜವಾಗಿದ್ದದ್ದು ಅದೇ. "ಹೊಟ್ಟೆ ಉರೀತು. ನಿನ್ನ ಮದುವೆಯಾದಾಗಿಂದ ಉರೀತಾನೇ ಇದೆ. ಎಲ್ಲರೂ ನನ್ನ ದಾಟಿ ನಿನ್ನ ಹತ್ರ ಹೋಗ್ತಾರೆ. ನನ್ನ ಮಗಳೂ."

ಓರಗಿತ್ತಿ ದೋಣಿಗೆ ಒರಗಿದಳು. "ನನಗಿಲ್ಲ ಅಂದುಕೊಂಡ್ರಾ? ಬಂದ ಹೊಸತರಲ್ಲಿ ಒಂದು ದಿನ ನಾನು ಸಾರು ಮಾಡಿದ್ದೆ, ನೆನಪಿದೆಯಾ? ಅತ್ತೆ ಒಂದು ತುತ್ತು ತಿಂದು, ದೊಡ್ಡವಳು ಬರಲಿ ಅಂತ ಕೈ ತೊಳೆದುಕೊಂಡ್ರು. ನನ್ನ ಗಂಡನೂ ನಿಮ್ಮ ಕೈ ರುಚಿ ಹೇಳಿಹೇಳಿ ನನ್ನ ತಲೆ ತಿಂತಾರೆ. ಆಮೇಲೆ ನಾನು ಒಲೆ ಹತ್ರಾನೇ ಬರಲಿಲ್ಲ. ಜನ ನನ್ನ ಹತ್ರ ಬರೋದು ಪೊಟ್ಟಣ ಹಿಡಕೊಂಡು. ಹಸಿವಾದರೆ ನಿಮ್ಮ ಹತ್ರ ಬರ್ತಾರೆ. ನನಗೂ ಉರಿಯುತ್ತೆ. ಆದರೆ ಅದಕ್ಕೆ ಯಾರ ಊಟದ ಜೊತೆಗೂ ಆಟ ಆಡಲಿಲ್ಲ ನಾನು."

ಕೊನೆಯ ಮಾತು ಕಪಾಳಕ್ಕೆ ಹೊಡೆದ ಹಾಗಿತ್ತು. ಜರಡಿ ಮರಳನ್ನು ನೋಡುತ್ತ ಕೂತಳು. ಓರಗಿತ್ತಿಯೂ ಹೋಗಲಿಲ್ಲ, ಕೂತೂ ಕೊಳ್ಳಲಿಲ್ಲ.

ಸಂಜೆ ಜರಡಿ ಅತ್ತೆಯ ಕೋಣೆಗೆ ಹೋಗಿ ಅವರ ಕಾಲ ಹತ್ತಿರ ಕೂತಳು. "ತಪ್ಪಾಯಿತು ಅತ್ತೆ." ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ದೇವರ ಹತ್ರ ಕೇಳಿಕೋ" ಅಂದರು. ಆಮೇಲೆ, "ನಂಗೆ ಸ್ವಲ್ಪ ದಿನ ಬೇಕು" ಅಂದರು. ಎಣ್ಣೆಯ ಬಟ್ಟಲಿಗೆ ಜರಡಿ ಕೈ ಚಾಚಿದಾಗ, "ಬೇಡ, ನಾನೇ ತಿಕ್ಕಿಕೊಳ್ತೀನಿ" ಎಂದು ಬಟ್ಟಲನ್ನು ಆ ಕಡೆಗೆ ಇಟ್ಟುಕೊಂಡರು.

ಮನೆಗೆ ಬಂದ ಮೇಲೆ ಎಲ್ಲ ಮೊದಲಿನ ಹಾಗೆಯೇ ಕಂಡಿತು. ಮೊದಲ ದಿನದ ಊಟಕ್ಕೆ ಜರಡಿ ಮಾಂಸದ ಸಾರು ಮಾಡಿದಳು. ಅಪ್ಪನ ನಂತರ ಅಣ್ಣ ನಡೆಸುತ್ತಿದ್ದ ಅಂಗಡಿಯಿಂದ ತಾನೇ ಹೋಗಿ ತಂದ ಮಾಂಸ. ಅತ್ತೆಗೆ ಬಡಿಸಿದಳು. ಅತ್ತೆ ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು.

"ಇದರಲ್ಲಿ ಏನೇನು ಹಾಕಿದೀಯ?"

ಆ ಮನೆಯಲ್ಲಿ ಜರಡಿಯ ಅಡುಗೆಯನ್ನು ಯಾರೂ ಯಾವತ್ತೂ ಹಾಗೆ ಕೇಳಿರಲಿಲ್ಲ. ಮಗಳು ತಲೆ ಬಗ್ಗಿಸಿದಳು. ಮೈದುನ ನೀರು ಕುಡಿದ. ಜರಡಿ ಸೌಟು ಹಿಡಿದುಕೊಂಡೇ ಒಂದೊಂದಾಗಿ ಹೇಳಿದಳು: ಮಾಂಸ ಅಣ್ಣನ ಅಂಗಡೀದು, ಎಣ್ಣೆ ಡಬ್ಬಿಯಲ್ಲಿರೋದೇ, ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಉಪ್ಪು. ಪರೀಕ್ಷೆಗೆ ನಿಂತ ಮಗುವಿನ ಹಾಗೆ ಹೇಳಿ ಮುಗಿಸಿದಳು. ಅತ್ತೆ ತಲೆಯಾಡಿಸಿ ತಿಂದರು.

ಮರುದಿನವೂ ಕೇಳಿದರು. ಅದರ ಮರುದಿನವೂ. ಜರಡಿ ಪ್ರತಿ ಸಲವೂ ಪೂರ್ತಿಯಾಗಿ ಉತ್ತರ ಕೊಟ್ಟಳು. ಒಮ್ಮೆ ಗಂಡ ಸಿಡುಕಿ, "ಸಾಕು ಬಿಡಮ್ಮ" ಅಂದರು. ಜರಡಿಯೇ ಅವರನ್ನು ತಡೆದಳು. "ಕೇಳಲಿ. ಕೇಳೋ ಹಕ್ಕು ಅವರಿಗಿದೆ."

ಹೀಗೆ ಎಷ್ಟೋ ದಿನ ನಡೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ಏನೂ ಕೇಳದೆ ಅನ್ನಕ್ಕೆ ಕೈ ಹಾಕಿದರು. ಯಾವುದೋ ಸಂಬಂಧಿಕರ ಮನೆಯ ಮಾತು ಹೇಳುತ್ತ ಹೇಳುತ್ತ, ಮರೆತವರ ಹಾಗೆ ತಿನ್ನತೊಡಗಿದರು. ಜರಡಿಯ ಕಣ್ಣು ತುಂಬಿತು. ಅದನ್ನು ಅಡಗಿಸಿಕೊಳ್ಳಲು ಆ ಕಡೆ ತಿರುಗಿದಾಗ ಓರಗಿತ್ತಿ ಕಾಣಿಸಿದಳು. ರಜೆಯ ದಿನ, ಮನೆಯಲ್ಲೇ ಇದ್ದಳು. ಅವಳು ಅತ್ತೆಯ ಕೈಯನ್ನೇ ನೋಡುತ್ತಿದ್ದಳು, ತುಟಿ ಬಿಗಿದಿತ್ತು. ಆ ಬಿಗಿದ ತುಟಿಯ ಅರ್ಥ ಜರಡಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯಲು ಬಂದ ಓರಗಿತ್ತಿಗೆ ಮುಖ ನೋಡದೆ ಹೇಳಿದಳು. "ಮುಂದಿನ ವಾರ ರಜೆ ದಿನ ನೀನು ಮಾಡು. ನಾನು ಒಲೆ ಹತ್ರ ಬರಲ್ಲ."

"ಅತ್ತೆ ತಿನ್ನಲ್ಲ ಅಕ್ಕ."

"ತಿನ್ನದೆ ಎಲ್ಲಿಗೆ ಹೋಗ್ತಾರೆ. ಬೇರೆ ಅಡುಗೆ ಇದ್ದರೆ ತಾನೇ?"

ಆ ದಿನ ಬಂತು. ಜರಡಿ ಬೆಳಿಗ್ಗೆಯಿಂದ ಹೊಲಿಗೆಯಂಗಡಿಯಲ್ಲೇ ಕೂತಳು. ಒಳಗಿನಿಂದ ಒಗ್ಗರಣೆ ಸ್ವಲ್ಪ ಸೀದ ವಾಸನೆ ಬಂದಾಗ ಎದ್ದು ನಿಂತಳು, ಮತ್ತೆ ಕೂತಳು. ಊಟಕ್ಕೆ ಎಲ್ಲರೂ ಸೇರಿದರು. ಅತ್ತೆ ಗೊಣಗುತ್ತ ಬಂದು ಕೂತು, ಮೊದಲ ತುತ್ತಿಗೇ ಮುಖ ಕಿವುಚಿದರು. ಉಪ್ಪು ಜಾಸ್ತಿಯಾಗಿತ್ತು. ಸ್ವಲ್ಪವಲ್ಲ, ನಾಲಗೆ ಒಳಗೆಳೆದುಕೊಳ್ಳುವ ಹಾಗೆ. ಮೈದುನ ಹೆಂಡತಿಯ ಮುಖ ನೋಡಿ ನುಂಗಿದ. ಓರಗಿತ್ತಿ ಬಡಿಸುವ ಸೌಟು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು.

ಜರಡಿಯೂ ಒಂದು ತುತ್ತು ಬಾಯಿಗಿಟ್ಟಳು. ಎದೆಯೊಳಗೆ ಗುಟ್ಟಾಗಿ ಒಂದು ಖುಷಿ ಎದ್ದಿತು. ಎಷ್ಟೇ ತುಳಿದರೂ ಅದು ಏಳುತ್ತದೆಂದು ಅವಳಿಗೆ ಈಗ ಗೊತ್ತಿತ್ತು. ಅದಕ್ಕೆ ನಾಚಿಕೆಯೂ ಆಯಿತು. ಉಪ್ಪಾದ ಸಾರಿಗೆ ಇನ್ನಷ್ಟು ಅನ್ನ ಕಲಸಿಕೊಂಡು, ತಲೆಯೆತ್ತದೆ, ತಟ್ಟೆಯನ್ನು ಓರಗಿತ್ತಿಯ ಕಡೆ ಸರಿಸಿದಳು.

"ಇನ್ನೊಂದು ಸೌಟು ಹಾಕು."